ಎರಡು ಗಂಟಲಿನ ಗಿಟಾರ್ ಹುಡುಕಿಕೊಂಡು ವಡಪಳನಿಗೆ

ಹೋದ ವರ್ಷದ ಗಣೇಶನ ಹಬ್ಬ. ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿ. ರಾತ್ರಿ ಹತ್ತೂವರೆ. ಪೆಂಡಾಲಿನ ಮುಂದೆ ಜನವೋ ಜನ. ನಮ್ಮ ತುಮಕೂರಿನ ಆರ್ಕೆಸ್ಟ್ರಾದ ಗಿಟಾರ್ ಅಣ್ಣ ಸ್ಟೂಲಿನ ಮೇಲೆ ಕೂತು 'ಪಲ್ಲವಿ ಅನುಪಲ್ಲವಿ'ಯ ಆ ಪ್ರಸಿದ್ಧ ಗಿಟಾರ್ ಬಿಟ್ ಮೀಟತೊಡಗಿದ. ಅದೇ ಸ್ವಾಮಿ, 1983ರಲ್ಲಿ ಮಣಿರತ್ನಂ ತಮ್ಮ ಮೊಟ್ಟಮೊದಲ ಚಿತ್ರವನ್ನು ಕನ್ನಡದಲ್ಲಿ ಮಾಡಿದಾಗ ಇಳಯರಾಜಾ ಕೊಟ್ಟದ್ದು. ಎಷ್ಟೋ ವರ್ಷದ ಮೇಲೆ ಮೊಬೈಲ್ ಕಂಪನಿಯ ಜಾಹೀರಾತಿಗೂ ಬಂದದ್ದು. ಬೀಡಿ ಸೇದುತ್ತಿದ್ದವರು ಬೀಡಿ ಆರಿಸಿದರು. ಕಡಲೆಕಾಯಿಯವನು ಪಾವು ಕೆಳಗಿಟ್ಟ. ಎಂಟು ಹತ್ತು ಮೀಟು ಆಗಿರಬೇಕು, ಅಷ್ಟರಲ್ಲಿ ಸ್ಪೀಕರಿನಿಂದ 'ಊಂ...' ಎಂದು ಎಮ್ಮೆ ಕೂಗಿದಂಥ ಸದ್ದು!

"ಲೇ, ಕರ ಬಿಡ್ರೋ!" ಎಂದ ಹಿಂದಿನಿಂದ ಯಾರೋ. ಇಡೀ ಊರು ನಕ್ಕಿತು.

ಪ್ರೋಗ್ರಾಂ ಮುಗಿದು ಟೆಂಪೋಗೆ ಸಾಮಾನು ತುಂಬುವಾಗ ಓನರ್ ಅಣ್ಣನನ್ನು ಪಕ್ಕಕ್ಕೆ ಕರೆದ. "ನೋಡಪ್ಪಾ, ಮೆಲೋಡಿಗೆ ಒಂದು, ಫಾಸ್ಟ್ ಸಾಂಗಿಗೆ ಒಂದು, ಎರಡು ಗಿಟಾರ್ ತಗೊಂಡು ಬಾ. ಆಗಲ್ಲ ಅಂದ್ರೆ ಮುಂದಿನ ಸೀಸನ್ನಿಗೆ ಬರಬೇಡ. ಕೀಬೋರ್ಡಿನೋನೇ ಗಿಟಾರ್ ಸೌಂಡ್ ಹಾಕ್ಕೊತಾನೆ. ಇಲ್ಲಾ ಟ್ರ್ಯಾಕ್ ಇದೆ" ಎಂದ. ಅಣ್ಣನಿಗೆ ನಲವತ್ತೊಂದು ವಯಸ್ಸು. ಹಗಲು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ, ರಾತ್ರಿ ಗಿಟಾರ್. ಹದಿನೆಂಟು ವರ್ಷದಿಂದ ಇದೇ ಬದುಕು. ಆ ರಾತ್ರಿ ಟೆಂಪೋದಲ್ಲಿ ಒಂದು ಮಾತೂ ಆಡಲಿಲ್ಲ.

ನನ್ನ ವಿಷಯವನ್ನೂ ಹೇಳಿಬಿಡುತ್ತೇನೆ. ಸೆಕೆಂಡ್ ಪಿಯುಸಿಯಲ್ಲಿ ಫಿಸಿಕ್ಸ್ ಕೈಕೊಟ್ಟಾಗ ಕಾಲೇಜು ಬಿಟ್ಟು ಈ ಆರ್ಕೆಸ್ಟ್ರಾದಲ್ಲಿ ಕೇಬಲ್ ಸುತ್ತುವ ಹುಡುಗನಾಗಿ ಸೇರಿದವನು ನಾನು. ಪ್ರೋಗ್ರಾಂ ಮುಗಿದ ಮೇಲೆ ನನಗೆ ದೋಸೆ ಕೊಡಿಸುತ್ತಿದ್ದದ್ದು ಇದೇ ಅಣ್ಣ. ಈಗ ಪತ್ರಿಕೆಗಳಿಗೆ ಬರೆದು ಹೊಟ್ಟೆ ಹೊರೆಯುತ್ತೇನೆ. ಆದರೂ ಸೀಸನ್ ಬಂದರೆ ಕೇಬಲ್ ಹಿಡಿಯಲು ಓಡುತ್ತೇನೆ.

ಒಬ್ಬನಿಗೆ ಇಬ್ಬರ ಕೆಲಸ

ಎರಡು ಗಿಟಾರ್ ಯಾಕೆ ಬೇಕು ಎನ್ನುತ್ತೀರಾ? ನಿಮಗೆ ಗೊತ್ತಿರುವ ಹಾಡುಗಳನ್ನೇ ನೆನೆಸಿಕೊಳ್ಳಿ. ಶಂಕರ್‌ನಾಗ್ 1981ರಲ್ಲಿ ಮಾಡಿದ 'ಗೀತಾ' ಇದೆ. 1987ರ 'ಪ್ರೇಮಲೋಕ' ಇದೆ. ಒಂದು ಕಡೆ ಮರದ ಡಬ್ಬದಿಂದ ಬರುವ ತಿಳಿ ನಾದ ಬೇಕು, ಇನ್ನೊಂದು ಕಡೆ ಆಂಪ್ಲಿಫೈಯರಿನಿಂದ ಗುಡುಗುವ ಸದ್ದು ಬೇಕು. ರೆಕಾರ್ಡಿಂಗ್ ಥಿಯೇಟರಿನಲ್ಲಿ ಇದಕ್ಕೆ ಇಬ್ಬರು ಕಲಾವಿದರು ಕೂರುತ್ತಾರೆ. ಸ್ಟೇಜಿನ ಮೇಲೆ ನಮ್ಮ ಅಣ್ಣ ಒಬ್ಬನೇ! ಎರಡು ಗಿಟಾರ್ ಒಯ್ದರೂ ಹಾಡಿನ ಮಧ್ಯೆ ಒಂದನ್ನು ಇಳಿಸಿ ಇನ್ನೊಂದನ್ನು ಹೆಗಲಿಗೇರಿಸಲು ಸಮಯವೆಲ್ಲಿ?

ಇದಕ್ಕೆಂದೇ ಹುಟ್ಟಿದ್ದು ಹೈಬ್ರಿಡ್ ಗಿಟಾರ್. ಒಂದೇ ಮೈ, ಎರಡು ಗಂಟಲು. ಅಮೆರಿಕದ ಟೇಲರ್ ಕಂಪನಿ 2005ರಲ್ಲಿ 'ಟಿ-5' ಎಂಬುದನ್ನು ತಂದಿತು. ಫೆಂಡರ್ ಕಂಪನಿ 2019ರಲ್ಲಿ 'ಅಕೂಸ್ಟಾಸಾನಿಕ್' ಎಂದು ಇನ್ನೊಂದನ್ನು ಬಿಟ್ಟಿತು. ಹೊಸದರ ಬೆಲೆ ಕೇಳಿದರೆ ನಮ್ಮಂಥವರು ಅಂಗಡಿಯ ಬಾಗಿಲಲ್ಲೇ ಚಪ್ಪಲಿ ಹಾಕಿಕೊಳ್ಳಬೇಕು. ಹಾಗಾಗಿ ಅಣ್ಣ ಸೆಕೆಂಡ್ ಹ್ಯಾಂಡ್ ಹುಡುಕುತ್ತಿದ್ದ. ಆಷಾಢದಲ್ಲಿ ಸುದ್ದಿ ಬಂತು: ಚೆನ್ನೈನ ವಡಪಳನಿಯಲ್ಲಿ ಕೆನಡಾಕ್ಕೆ ಹೊರಟ ಹುಡುಗನೊಬ್ಬ ಇಂಥದೊಂದನ್ನು ಮಾರುತ್ತಿದ್ದಾನೆ, ನಲವತ್ತೈದು ಸಾವಿರಕ್ಕೆ. ಅಣ್ಣನ ಹತ್ತಿರ ಇದ್ದದ್ದು ನಲವತ್ತು. ಅದರಲ್ಲಿ ಅರ್ಧ ಅತ್ತಿಗೆಯ ಚೀಟಿ ದುಡ್ಡು.

"ಬಾರೋ ಮರಿ, ಹೋಗ್ಬರಾಣ. ನೀನೂ ಏನಾದ್ರೂ ಬರಕೊಳ್ಳುವಂತೆ" ಎಂದ ಅಣ್ಣ.

ಮದ್ರಾಸ್ ಮೇಲ್

ಬೆಂಗಳೂರಿನಿಂದ ಚೆನ್ನೈಗೆ ಸುಮಾರು 360 ಕಿಲೋಮೀಟರ್. ಜನರಲ್ ಡಬ್ಬಿಯಲ್ಲಿ, ಬಾಗಿಲ ಪಕ್ಕ, ಅಣ್ಣನ ಹಳೇ ಗಿಟಾರನ್ನು ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು ರಾತ್ರಿಯೆಲ್ಲ ಕೂತೆವು. ಕಲ್ಕತ್ತಾದಲ್ಲಿ ತಯಾರಾದ ಗಿಟಾರ್ ಅದು. ಹೊಟ್ಟೆಯ ಮೇಲೆ ಅಂಟಿಸಿದ ಒಂದು ಅಗ್ಗದ ಪಿಕಪ್. "ಇದನ್ನ್ಯಾಕಣ್ಣ ತಂದೆ?" ಎಂದೆ. "ಹೊಸದನ್ನ ನೋಡೋವಾಗ ಹಳೇದು ಪಕ್ಕದಲ್ಲಿರಬೇಕು ಕಣೋ. ಇಲ್ಲಾಂದ್ರೆ ಎಲ್ಲಾ ಚೆನ್ನಾಗೇ ಕೇಳುತ್ತೆ" ಎಂದ.

ಬೆಳಗಿನ ಜಾವ ಸೆಂಟ್ರಲ್‌ನಲ್ಲಿ ಇಳಿದು ಒಂದೊಂದು ಫಿಲ್ಟರ್ ಕಾಫಿ ಕುಡಿದು ಮೆಟ್ರೋ ಹತ್ತಿದೆವು. ವಡಪಳನಿಗೆ ನೇರ ರೈಲು. ಹೊರಗೆ ಬಂದರೆ ಆರ್ಕಾಟ್ ರೋಡ್. ಓದುಗ ಮಿತ್ರರೇ, ಕನ್ನಡ ಸಿನಿಮಾ ಅಭಿಮಾನಿ ಒಮ್ಮೆಯಾದರೂ ನಡೆಯಬೇಕಾದ ರಸ್ತೆ ಇದು! ಒಂದು ಕಾಲಕ್ಕೆ ನಮ್ಮ ಹಾಡುಗಳೆಲ್ಲ ರೆಕಾರ್ಡ್ ಆಗುತ್ತಿದ್ದದ್ದು ಈ ಸುತ್ತಿನಲ್ಲಿಯೇ. ಇಳಯರಾಜಾ ತಮ್ಮದೇ ಚಿತ್ರ 'ಅನ್ನಕ್ಕಿಳಿ'ಯನ್ನು 1976ರಲ್ಲಿ ಮಾಡುವ ಮೊದಲು ನಮ್ಮ ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿ ಗಿಟಾರ್ ಹಿಡಿದು ಕೂತದ್ದು ಈ ಮದ್ರಾಸಿನಲ್ಲಿಯೇ. ನಮ್ಮ ಅಪ್ಪು ಹುಟ್ಟಿದ್ದೂ ಇದೇ ಊರಿನಲ್ಲಿ, 1975ರಲ್ಲಿ.

ಈಗ ಏನುಳಿದಿದೆ? ಎ.ವಿ.ಎಂ. ಗೇಟಿನ ಗೋಳ ಇದೆ. ವಿಜಯಾ ವಾಹಿನಿ ಸ್ಟುಡಿಯೋ ಇದ್ದ ಜಾಗದಲ್ಲಿ ಆಸ್ಪತ್ರೆ ಇದೆ, ಮಾಲ್ ಇದೆ. ಸಾಲಿಗ್ರಾಮದ ಪ್ರಸಾದ್ ಸ್ಟುಡಿಯೋದಲ್ಲಿ ದಶಕಗಳ ಕಾಲ ಕೂತು ಕೆಲಸ ಮಾಡಿದ ಇಳಯರಾಜಾ ಕೂಡ 2021ರಲ್ಲಿ ಟಿ. ನಗರದ ಕಡೆ ತಮ್ಮದೇ ಸ್ಟುಡಿಯೋ ತೆರೆದರು. ಅಣ್ಣ ಆ ಮಾಲ್ ಮುಂದೆ ಎರಡು ನಿಮಿಷ ನಿಂತ. ಕೈಮುಗಿಯಲಿಲ್ಲ, ಆದರೆ ಚಪ್ಪಲಿಯಿಂದ ಒಂದು ಕಾಲು ಹೊರಗೆ ತೆಗೆದು ಮತ್ತೆ ಹಾಕಿಕೊಂಡ. ನಾನು ನೋಡಿಯೂ ನೋಡದವನಂತೆ ಇದ್ದೆ.

ಮಾಸ್ಟರ್ ಮನೆ

ಮುರುಗನ್ ದೇವಸ್ಥಾನದ ಹಿಂದಿನ ಗಲ್ಲಿಯಲ್ಲಿ ಒಬ್ಬ ಹಿರಿಯರಿದ್ದಾರೆ. ಸಿನಿಮಾ ಆರ್ಕೆಸ್ಟ್ರಾಗಳಲ್ಲಿ ರಿದಂ ಗಿಟಾರ್ ನುಡಿಸಿದವರು. ಎಷ್ಟೋ ಕನ್ನಡ ಹಾಡುಗಳ ಹಿಂದೆ ಅವರ ಕೈ ಇದೆ. ಹೆಸರು ಬರೆಯಬೇಡ ಎಂದಿದ್ದಾರೆ. ಮಾಸ್ಟರ್ ಎಂದೇ ಕರೆಯುತ್ತೇನೆ. ನಮ್ಮ ಓನರಿನ ಪರಿಚಯದವರೊಬ್ಬರ ಮೂಲಕ ವಿಳಾಸ ಸಿಕ್ಕಿತ್ತು. ಮಾರುವ ಹುಡುಗನನ್ನೂ ಅಲ್ಲಿಗೇ ಬರಹೇಳಿದ್ದೆವು.

ಮಾಸ್ಟರ್ ಕನ್ನಡ ಮಾತಾಡುತ್ತಾರೆ, ತಮಿಳಿನ ರಾಗದಲ್ಲಿ. "ಕೂತ್ಕೊಳಿ ತಂಬಿ. ನಮ್ಮ ಕಾಲದಲ್ಲಿ ಎಲ್ಲಾರೂ ಒಂದೇ ಹಾಲಲ್ಲಿ ಕೂತು ಒಟ್ಟಿಗೆ ನುಡಿಸ್ಬೇಕು. ಒಬ್ಬ ತಪ್ಪಿದ್ರೆ ಐವತ್ತು ಜನ ಮೊದಲಿಂದ ಶುರು. ಆ ಭಯಕ್ಕೇ ಕೈ ನೆಟ್ಟಗಾಯ್ತು" ಎಂದು ನಕ್ಕರು.

ಹುಡುಗ ಪೆಟ್ಟಿಗೆ ತೆರೆದ. ಸಾಧಾರಣ ಗಿಟಾರಿಗಿಂತ ತೆಳ್ಳಗಿನ ಮೈ. ಒಳಗೆ ಪೊಳ್ಳು ಇದೆ, ಆದರೆ ಸ್ವಲ್ಪವೇ. ಕತ್ತಿನ ಕಡೆ ಒಂದು ಆಯಸ್ಕಾಂತದ ಪಿಕಪ್. ಇನ್ನೊಂದು ಪಿಕಪ್ ಕಣ್ಣಿಗೆ ಕಾಣುವುದೇ ಇಲ್ಲ; ತಂತಿಗಳು ಕೂರುವ ಬಿಳಿ ಪಟ್ಟಿಯ ಕೆಳಗೆ ಅಡಗಿದೆ.

ಪಿಯುಸಿಯಲ್ಲಿ ತಲೆಗೆ ಹತ್ತದ ಫಿಸಿಕ್ಸು ಆ ಗಲ್ಲಿಯ ಮನೆಯಲ್ಲಿ ಅರ್ಧ ಗಂಟೆಯಲ್ಲಿ ಹತ್ತಿತು ನೋಡಿ! ಆಯಸ್ಕಾಂತಕ್ಕೆ ಕೂದಲೆಳೆಯಷ್ಟು ತೆಳ್ಳಗಿನ ತಾಮ್ರದ ತಂತಿ ಸುತ್ತಿರುತ್ತಾರೆ. ಮೇಲೆ ಉಕ್ಕಿನ ತಂತಿ ಅಲುಗಿದರೆ ಕೆಳಗೆ ವಿದ್ಯುತ್ ಹುಟ್ಟುತ್ತದೆ. ಫ್ಯಾರಡೆ 1831ರಲ್ಲಿ ಕಂಡುಹಿಡಿದ ತತ್ತ್ವ ಇದು. ಈ ಪಿಕಪ್ಪಿಗೆ ಕೇಳುವುದು ತಂತಿ ಮಾತ್ರ, ಮರದ ನಾದ ಅಷ್ಟಾಗಿ ಕೇಳುವುದಿಲ್ಲ. ಇನ್ನೊಂದು ಪೀಜೋ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಬರುತ್ತದೆಂದು ಕ್ಯೂರಿ ಸಹೋದರರು 1880ರಲ್ಲಿ ತೋರಿಸಿದರು. ತಂತಿ ಕಂಪಿಸಿದಾಗ ಆ ಪಟ್ಟಿ ಹರಳನ್ನು ಒತ್ತುತ್ತದೆ, ಮರದ ಗಿಟಾರಿನ ಛಾಯೆ ಬರುತ್ತದೆ. ಆದರೆ ಅದರ ದನಿ ಬಹಳ ಬಡಕಲು. ಒಂಬತ್ತು ವೋಲ್ಟಿನ ಬ್ಯಾಟರಿ ಹಾಕಿದ ಪ್ರೀಆಂಪ್ ಇಲ್ಲದಿದ್ದರೆ ಸ್ಟೇಜಿಗೆ ಸಾಲದು.

"ಹಾಗಾದ್ರೆ ನಮ್ಮ ಎಮ್ಮೆ ಕೂಗಿದ್ದು ಯಾಕೆ ಮಾಸ್ಟರ್?" ಎಂದೆ.

"ಸ್ಪೀಕರ್ ಸದ್ದು ಗಿಟಾರ್ ಹೊಟ್ಟೆಗೆ ಹೋಗುತ್ತೆ. ಹೊಟ್ಟೆ ನಡುಗುತ್ತೆ. ನಡುಕ ಪಿಕಪ್ಪಿಗೆ, ಅಲ್ಲಿಂದ ಮತ್ತೆ ಸ್ಪೀಕರಿಗೆ. ಗಾಣದ ಎತ್ತಿನ ಹಾಗೆ ಸುತ್ತು. ಹೊಟ್ಟೆ ದೊಡ್ಡದಿದ್ದಷ್ಟೂ ಸುತ್ತು ಜಾಸ್ತಿ. ಈ ಹೈಬ್ರಿಡ್‌ಗೆ ಹೊಟ್ಟೆ ಸಣ್ಣದು, ಅದಕ್ಕೇ ಕೂಗೋದು ಕಮ್ಮಿ."

ಆಮೇಲೆ ಅವರೊಂದು ಸ್ವಾರಸ್ಯ ಹೇಳಿದರು. ಗಿಬ್ಸನ್ ಕಂಪನಿ 1954ರಲ್ಲೇ ಮರದ ಗಿಟಾರಿಗೆ ಆಯಸ್ಕಾಂತದ ಪಿಕಪ್ ಹಾಕಿ 'ಜೆ-160ಇ' ಎಂದು ತಂದಿತ್ತು. ಬೀಟಲ್ಸ್ ತಂಡದ ಜಾನ್ ಲೆನನ್ ಬಳಿ ಅದೇ ಇತ್ತು. 1964ರಲ್ಲಿ 'ಐ ಫೀಲ್ ಫೈನ್' ರೆಕಾರ್ಡ್ ಮಾಡುವಾಗ ಅದರ ಕೂಗನ್ನು ಬೇಕೆಂದೇ ಹಾಡಿನ ಶುರುವಿಗೆ ಇಟ್ಟರು. ಅಂದರೆ ನಮ್ಮ ಗುಬ್ಬಿ ತಾಲ್ಲೂಕಿನ ಎಮ್ಮೆ ಅಷ್ಟು ವರ್ಷದ ಹಿಂದೆಯೇ ಲಂಡನ್ನಿನಲ್ಲಿ ಕೂಗಿ ಹಣ ಮಾಡಿತ್ತು! ಅಣ್ಣ ಒಂದು ವರ್ಷದಲ್ಲಿ ಮೊದಲ ಸಲ ಬಾಯಿತುಂಬ ನಕ್ಕ.

ಒಂದು ಗಿಟಾರಿನ ಐದು ವೇಷ

ಮಾಸ್ಟರ್ ಗಿಟಾರ್ ಎತ್ತಿಕೊಂಡರು. ಗಿಟಾರ್ ಕಲಿಯುವ ತಮ್ಮಂದಿರು ಇದನ್ನು ಕತ್ತರಿಸಿ ಇಟ್ಟುಕೊಳ್ಳಿ.

ಮೊದಲನೆಯದು, ಪೀಜೋ ಒಂದೇ. ಪೀಜೋವನ್ನು ಆಂಪ್ಲಿಫೈಯರಿಗೆ ಕೊಡಬಾರದು, ಹಾಡುವವರ ಮೈಕಿನಂತೆ ನೇರ ಮಿಕ್ಸರಿಗೆ ಕೊಡಬೇಕು. ಕೈ ಹಗುರ ಇರಬೇಕು. ಜೋರಾಗಿ ಮೀಟಿದರೆ ಪ್ಲಾಸ್ಟಿಕ್ ಡಬ್ಬ ಬಡಿದಂತೆ ಕೇಳುತ್ತದೆ. ಆ ಚಟಚಟ ಕಡಿಮೆ ಮಾಡಲು ಮಿಕ್ಸರಿನಲ್ಲಿ ಮಿಡ್ ಸ್ವಲ್ಪ ಇಳಿಸಿ, ಬ್ಲೆಂಡ್ ನಾಬ್ ತಿರುಗಿಸಿ ಆಯಸ್ಕಾಂತದ ದನಿಯನ್ನು ಹತ್ತಕ್ಕೆ ಎರಡು ಪಾಲು ಬೆರೆಸಬೇಕು. ಸಾರಿಗೆ ಬೆಲ್ಲ ಹಾಕಿದಂತೆ: ಹಾಕಿದ್ದು ಗೊತ್ತಾಗಬಾರದು, ಹಾಕದಿದ್ದರೆ ಗೊತ್ತಾಗಬೇಕು.

ಎರಡನೆಯದು, ಆಯಸ್ಕಾಂತ ಒಂದೇ, ಟೋನ್ ನಾಬ್ ಅರ್ಧಕ್ಕಿಂತ ಕೆಳಗೆ. ಪಿಕ್ ಬಿಟ್ಟು ಹೆಬ್ಬೆರಳಲ್ಲಿ ಮೀಟಿದರೆ ಹಳೇ ಚಿತ್ರಗಳ ಕ್ಲಬ್ ಸೀನು ಕಣ್ಣಿಗೆ ಕಟ್ಟುತ್ತದೆ.

ಮೂರನೆಯದು, ಅದೇ ಆಯಸ್ಕಾಂತಕ್ಕೆ ಕೋರಸ್ ಪೆಡಲ್. ಒಂದೇ ದನಿಯ ನೆರಳನ್ನು ಸ್ವಲ್ಪ ತಡವಾಗಿ, ಸ್ವಲ್ಪ ಅಲುಗಿಸಿ ಬೆರೆಸುವ ಪೆಟ್ಟಿಗೆ ಅದು. ಎಂಬತ್ತರ ದಶಕದ ಆ ನೀರಿನಲ್ಲಿ ಅಲೆ ಎದ್ದಂಥ ಸದ್ದು ಇದರಿಂದಲೇ.

ನಾಲ್ಕನೆಯದು, ಡಿಸ್ಟಾರ್ಷನ್. ಇದಕ್ಕೆ ಪೀಜೋ ಪೂರ್ತಿ ಮುಚ್ಚಿರಬೇಕು. ಒಂದು ಚೂರು ಉಳಿದರೂ ಎಮ್ಮೆ ಬಂತೆಂದೇ ತಿಳಿಯಿರಿ.

ಐದನೆಯದೇ ಈ ಗಿಟಾರಿನ ದೊಡ್ಡ ಗುಟ್ಟು. ಕೆಲವು ಹೈಬ್ರಿಡ್‌ಗಳಲ್ಲಿ ಎರಡು ದನಿಗೂ ಬೇರೆ ಬೇರೆ ವೈರ್ ತೆಗೆಯಬಹುದು. ಪೀಜೋ ಮಿಕ್ಸರಿಗೆ, ಆಯಸ್ಕಾಂತ ಆಂಪ್ಲಿಫೈಯರಿಗೆ. ಆಗ ಒಬ್ಬನೇ ಮೀಟಿದರೂ ಇಬ್ಬರು ಕೂತಂತೆ ಕೇಳುತ್ತದೆ. ಈ ಹುಡುಗನದು ಅಂಥದ್ದೇ.

"ನಾಬ್ ತಿರುಗಿಸೋದು ಆಮೇಲೆ ತಂಬಿ, ಮೊದಲು ಬಲಗೈ" ಎಂದು ಮಾಸ್ಟರ್ ಯಾವ ನಾಬನ್ನೂ ಮುಟ್ಟದೆ ಪಟ್ಟಿಯ ಹತ್ತಿರ ಮೀಟಿದರು. ದನಿ ಚೂಪಾಯಿತು. ಕತ್ತಿನ ಕಡೆ ಸರಿದರು, ಮೆತ್ತಗಾಯಿತು. ಅಂಗೈ ಅಂಚನ್ನು ಪಟ್ಟಿಯ ಮೇಲಿಟ್ಟರು, 'ಟಕ್ ಟಕ್' ಎಂದು ಉಸಿರು ಹಿಡಿದಂತೆ ಬಂತು. ತಂತಿಯ ವಿಷಯದಲ್ಲೂ ಒಂದು ಮಾತು ಹೇಳಿದರು. ಮರದ ಗಿಟಾರಿಗೆ ಹಾಕುವ ಕಂಚು ಸುತ್ತಿದ ತಂತಿ ಆಯಸ್ಕಾಂತಕ್ಕೆ ಸರಿಯಾಗಿ ಕೇಳುವುದಿಲ್ಲ, ಒಳಗಿನ ಉಕ್ಕಿನ ಎಳೆ ಮಾತ್ರ ಕೇಳುತ್ತದೆ. ಆದ್ದರಿಂದ ಹೈಬ್ರಿಡ್‌ಗೆ ನಿಕಲ್ ಸುತ್ತಿದ ತಂತಿಯೇ ಸರಿ. ಮರದ ಮೆರುಗು ಸ್ವಲ್ಪ ಹೋಗುತ್ತದೆ, ಹೋಗಲಿ.

"ಒಂದು ನೆನಪಿಡಿ. ಸ್ಟುಡಿಯೋದಲ್ಲಿ ಒಳ್ಳೇ ಮರದ ಗಿಟಾರ್ ಮುಂದೆ ಒಂದಡಿ ದೂರದಲ್ಲಿ ಮೈಕ್ ಇಟ್ರೆ ಬರೋ ನಾದ ಇದರಲ್ಲಿ ಬರಲ್ಲ. ಇದು ಸ್ಟೇಜ್ ಮೇಲಿನ ಸಂಸಾರಕ್ಕೆ."

ಮೂರನೇ ತಂತಿ

ಈಗ ಕೇಳಿ ಕ್ಲೈಮ್ಯಾಕ್ಸ್. ಪೀಜೋ ಹಾಕಿ ಒಂದೊಂದೇ ತಂತಿ ಮೀಟಿ ನೋಡುವಾಗ ಮೂರನೆಯದರ ದನಿ ಅರ್ಧವೂ ಬರಲಿಲ್ಲ. ಹುಡುಗನ ಮುಖ ಸಪ್ಪೆಯಾಯಿತು. "ಅದು ಹೋಗಿದೆ ಅನ್ಸುತ್ತೆ ಸಾರ್. ಬದಲಾಯಿಸೋಕೆ ತುಂಬಾ ಆಗುತ್ತಂತೆ. ಮೂವತ್ತೆಂಟು ಕೊಡಿ, ಸಾಕು."

ಅಣ್ಣ ನನ್ನ ಕಡೆ ನೋಡಿದ. ಅವನ ಕಣ್ಣಲ್ಲಿ ಆಸೆ ಕಂಡಿತು. ಮೂವತ್ತೆಂಟಕ್ಕೆ ಸಿಕ್ಕರೆ ಎರಡು ಸಾವಿರ ಅತ್ತಿಗೆಗೆ ವಾಪಸ್! ಆದರೆ ಮಾಸ್ಟರ್ ತಲೆ ಅಲ್ಲಾಡಿಸಿದರು. ತಂತಿ ಸಡಿಲಿಸಿ ಆ ಬಿಳಿ ಪಟ್ಟಿಯನ್ನು ಎತ್ತಿದರು. ಕೆಳಗೆ ಗಾಡಿಯಲ್ಲಿ ಸೇರಿಕೊಂಡಂಥ ಧೂಳು, ಒಂದು ಮರದ ಸಿಬಿರು. ಬಟ್ಟೆಯಲ್ಲಿ ಒರೆಸಿ, ಪಟ್ಟಿಯ ತಳವನ್ನು ಗಾಜಿನ ಮೇಲಿಟ್ಟ ಮರಳು ಕಾಗದದಲ್ಲಿ ನಾಲ್ಕು ಸಲ ನಯವಾಗಿ ಉಜ್ಜಿ ಮತ್ತೆ ಕೂರಿಸಿದರು. ಹತ್ತು ನಿಮಿಷ. ಮೂರನೇ ತಂತಿ ಗಂಟೆಯಂತೆ ನುಡಿಯಿತು.

"ಪಟ್ಟಿ ಸಮ ಕೂರದಿದ್ರೆ ಹರಳಿಗೆ ಒತ್ತು ಸಿಗಲ್ಲ, ಅಷ್ಟೇ. ತಂಬಿ, ನಿನ್ನ ಗಿಟಾರ್ ಸರಿಯಾಗಿದೆ. ಬೆಲೆ ಇಳಿಸ್ಬೇಡ" ಎಂದರು ಮಾಸ್ಟರ್, ಆ ಹುಡುಗನಿಗೆ!

ನನಗೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಬಾಯಿ ಮುಚ್ಚಿಕೊಂಡಿದ್ದರೆ ಏನಾಗುತ್ತಿತ್ತು ಈ ಮುದುಕರಿಗೆ ಎನ್ನಿಸಿತು. ಅಣ್ಣ ಮಾತ್ರ ಎದ್ದು ಅವರ ಕಾಲು ಮುಟ್ಟಿದ. ಹುಡುಗನ ಕಡೆ ತಿರುಗಿ, "ನಲವತ್ತೈದಕ್ಕೆ ನ್ಯಾಯ ಇದೆ ಕಣಪ್ಪ. ಆದ್ರೆ ನನ್ನತ್ರ ಇರೋದು ನಲವತ್ತೇ. ಆಗಲ್ಲ ಅಂದ್ರೆ ಬೇಜಾರಿಲ್ಲ, ಕೇಳೋಕಾದ್ರೂ ಸಿಕ್ತಲ್ಲ" ಎಂದ.

ಹುಡುಗ ಸ್ವಲ್ಪ ಹೊತ್ತು ಗಿಟಾರನ್ನೇ ನೋಡುತ್ತಿದ್ದ. "ನೀವು ಒಂದ್ಸಲ ನುಡಿಸಿ ಸಾರ್" ಎಂದ. ಅಣ್ಣ ಅದೇ ಪಲ್ಲವಿ ಅನುಪಲ್ಲವಿಯ ಬಿಟ್ ನುಡಿಸಿದ. ಗುಬ್ಬಿ ತಾಲ್ಲೂಕಿನಲ್ಲಿ ಅರ್ಧಕ್ಕೆ ನಿಂತದ್ದು ವಡಪಳನಿಯ ಗಲ್ಲಿಯಲ್ಲಿ ಪೂರ್ತಿಯಾಯಿತು. ಮಾಸ್ಟರ್ ಕಣ್ಣುಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಮುಗಿದ ಮೇಲೆ ಹುಡುಗ "ನಲವತ್ತೆರಡು ಕೊಡಿ" ಎಂದ. ನನ್ನ ಜೇಬಿನಲ್ಲಿ ಹಿಂದಿನ ಲೇಖನದ ಎರಡು ಸಾವಿರ ಚಿಲ್ಲರೆ ಇತ್ತು. ತೆಗೆದು ಕೊಟ್ಟೆ. ರಾತ್ರಿ ಊಟವಿಲ್ಲದೆ, ಒಂದು ಪೊಟ್ಟಣ ಬಿಸ್ಕತ್ತಿನಲ್ಲಿ ಇಬ್ಬರೂ ಜನರಲ್ ಡಬ್ಬಿ ಹತ್ತಿದೆವು.

ಹೊರಡುವಾಗ ಮಾಸ್ಟರ್ ಹಳೇ ಗಿಟಾರನ್ನೂ ತರಿಸಿ ನೋಡಿದರು. "ಇದನ್ನ ಮಾರಬೇಡಿ. ನಾದದ ತೂತಿಗೆ ಒಂದು ರಬ್ಬರ್ ಮುಚ್ಚಳ ಹಾಕಿ, ಸ್ಪೀಕರ್ ಮುಂದೆ ಕೂರಬೇಡಿ, ಬಾಸ್ ಇಳಿಸಿ. ಇದೂ ಅಷ್ಟು ಕೂಗಲ್ಲ" ಎಂದರು. ನನ್ನ ಹೆಗಲ ಮೇಲೆ ಕೈಯಿಟ್ಟು, "ಬ್ಯಾಟರಿ ನಿಂದು ಜವಾಬ್ದಾರಿ" ಎಂದರು.

ಈ ವರ್ಷದ ಗಣೇಶ

ಈ ಸಲ ಮೊದಲ ಪ್ರೋಗ್ರಾಂ ಕುಣಿಗಲ್ ಹತ್ತಿರದ ಹಳ್ಳಿಯಲ್ಲಿ. ಸಣ್ಣ ಮಳೆ. ಪೀಜೋ ಮಿಕ್ಸರಿಗೆ, ಆಯಸ್ಕಾಂತ ಆಂಪ್ಲಿಫೈಯರಿಗೆ, ಎರಡು ವೈರನ್ನೂ ನಾನೇ ಎಳೆದೆ. ಮೆಲೋಡಿ ಮುಗಿದು ಚಪ್ಪಾಳೆ ನಿಲ್ಲುವ ಮೊದಲೇ ಅಣ್ಣ ಸ್ವಿಚ್ ಒತ್ತಿ ಫಾಸ್ಟ್ ಸಾಂಗಿಗೆ ಹಾರಿದ. ಮುಂದಿನ ಸಾಲಿನ ಹುಡುಗರು ಎದ್ದು ಕುಣಿದರು. ಐದನೇ ಹಾಡಿಗೆ ಪೀಜೋ ದನಿ ಗೊರಗೊರ ಎಂದಿತು. ಅಣ್ಣ ನನ್ನ ಕಡೆ ನೋಡಿದ. ಮಾಸ್ಟರ್ ಮಾತು ನೆನಪಿತ್ತು. ಜೇಬಿನಲ್ಲಿ ಹೊಸ ಬ್ಯಾಟರಿ ಇತ್ತು. ಗಾಯಕಿ ಒಂದು ಜೋಕ್ ಹೇಳಿ ಮುಗಿಸುವಷ್ಟರಲ್ಲಿ ಹಾಕಿಬಿಟ್ಟೆ.

ಓನರ್ ಹೊಗಳಲಿಲ್ಲ, ಹೊಗಳುವ ಜಾತಿಯಲ್ಲ. ಟ್ರ್ಯಾಕ್ ಕೂಡ ಹೋಗಿಲ್ಲ. ನಾಲ್ಕು ಹಾಡಿಗೆ ಈಗಲೂ ಹಾಕುತ್ತಾನೆ. ಆದರೆ ಟೆಂಪೋದ ದೀಪದಲ್ಲಿ ಡೈರಿ ತೆಗೆದು, ಗಿಟಾರ್ ಎಂಬ ಮಾತಿನ ಮುಂದೆ ಹನ್ನೊಂದು ತಾರೀಖು ಬರೆದ. ಅಣ್ಣ ಅದನ್ನು ಎರಡು ಸಲ ಎಣಿಸಿದ.

ಆಮೇಲೆ ನಮ್ಮಿಬ್ಬರಿಗೂ ಮಸಾಲೆ ದೋಸೆ. ದುಡ್ಡು ಕೊಟ್ಟದ್ದು, ಎಂದಿನಂತೆ, ಅಣ್ಣನೇ.